ನೋಡಲಾಗಿದೆ

ಮಾರ್ಚ್ 3, ಸೋಮವಾರ

ಬೆಳಿಗ್ಗೆ ಮತ್ತೆ ಅದೇ. ಸರ್ವರ್ ಮುನಿಸಿಕೊಂಡಿತ್ತು. ರೀಸ್ಟಾರ್ಟ್ ಮಾಡಿದೆ, ಸರಿಹೋಯಿತು. ಯಾಕೆ ಕೆಟ್ಟಿತು, ಯಾಕೆ ಸರಿಹೋಯಿತು — ಎರಡೂ ಗೊತ್ತಿಲ್ಲ. ಇದಕ್ಕೆ ಸಂಬಳ ಕೊಡುತ್ತಾರೆ.

ಅಕೌಂಟ್ಸ್‌ಗೆ ಹೊಸದಾಗಿ ಸೇರಿದಾಕೆ ಕಾಫಿ ಮೆಶಿನ್ ಹತ್ತಿರ ಹಿಡಿದುಕೊಂಡಳು. “ಸಾರ್, ನಮ್ ಕಂಪನಿ ಮಾಡೋದಾದ್ರೂ ಏನು?” ಹೇಳಿದೆ: ಆಸ್ಪತ್ರೆಯ ಲ್ಯಾಬಿನಲ್ಲಿ ಯಾರದಾದರೂ ರಕ್ತದ ರಿಪೋರ್ಟ್ ಅಪಾಯದ ಮಟ್ಟ ಮುಟ್ಟಿದರೆ ಆ ವಾರ್ಡಿನ ನರ್ಸ್ ಬಳಿ ಇರುವ ಫೋನಿಗೆ ಎಚ್ಚರಿಕೆ ಹೋಗುತ್ತದೆ. ನರ್ಸ್ ‘ನೋಡಿದೆ’ ಬಟನ್ ಒತ್ತಬೇಕು. ಒತ್ತುವವರೆಗೆ ಫೋನ್ ಅರಚುತ್ತಲೇ ಇರುತ್ತದೆ. ಐದು ನಿಮಿಷವಾದರೂ ಒತ್ತದಿದ್ದರೆ ಡ್ಯೂಟಿ ಡಾಕ್ಟರಿಗೆ ಹೋಗುತ್ತದೆ. “ಅಷ್ಟೇನಾ?” ಎಂದಳು. ಅಷ್ಟೇ.

ಮಧ್ಯಾಹ್ನ ಮೀಟಿಂಗ್. ಹೊಸ ಟ್ರೇಸಿಂಗ್ ವ್ಯವಸ್ಥೆ ಬರುತ್ತದಂತೆ. ಒಂದು ಎಚ್ಚರಿಕೆ ಲ್ಯಾಬಿನಿಂದ ಹೊರಟು ಎಲ್ಲೆಲ್ಲಿ ನಿಂತಿತು, ಎಲ್ಲಿ ಎಡವಿತು — ಎಲ್ಲ ಪರದೆ ಮೇಲೆ ಗೆರೆಯಾಗಿ ಕಾಣುತ್ತದೆ. ಅದನ್ನು ಓದಿ ಅರ್ಥ ಹೇಳಲು ಒಂದು ಎಐ. ಪಕ್ಕದ ಮೇಜಿನವಳು ಆಗಲೇ ಅದಕ್ಕೆ ‘ಗುಮಾಸ್ತ’ ಎಂದು ಹೆಸರಿಟ್ಟಿದ್ದಾಳೆ. ಮ್ಯಾನೇಜರ್ ಖುಷಿಯಾಗಿದ್ದಾರೆ. ಎಸಿ ಆಗುವುದಿಲ್ಲವೆಂದು ಸದಾ ಉಣ್ಣೆ ಟೋಪಿ ಹಾಕಿಕೊಂಡಿರುತ್ತಾರೆ. ತಾವು ಹಾಕಿಕೊಳ್ಳುತ್ತಾರೆ, ಬೇರೆಯವರಿಗೆ ಹಾಕಿದವರಲ್ಲ. ಅದಕ್ಕೇ ಇಷ್ಟು ವರ್ಷ ಇಲ್ಲಿದ್ದೇನೆ.

ಮಾರ್ಚ್ 6, ಗುರುವಾರ

ಭಾವ ಅಂಗಡಿಯಿಂದ ಫೋನ್ ಮಾಡಿದರು. ಅವರದು ಕನ್ನಡಕದ ಅಂಗಡಿ, ಗಿರಾಕಿ ಇರುವಾಗ ಫೋನ್ ಮುಟ್ಟುವವರಲ್ಲ. ಅಕ್ಕ ನರ್ಸ್, ಅವಳನ್ನು ಡ್ಯೂಟಿಯಿಂದ ಇಳಿಸಿದ್ದಾರೆ. ವಿಚಾರಣೆ ಮುಗಿಯುವವರೆಗೆ ಮನೆಯಲ್ಲೇ ಇರಬೇಕು.

ಮಂಗಳವಾರ ಅವಳ ವಾರ್ಡಿನಲ್ಲಿ ಒಬ್ಬ ರೋಗಿಯ ರಕ್ತದ ಪೊಟ್ಯಾಸಿಯಂ ಅಪಾಯದ ಮಟ್ಟಕ್ಕೆ ಏರಿದೆ. ಎಚ್ಚರಿಕೆ ಅಕ್ಕನ ಫೋನಿಗೆ ಹೋಗಿದೆ. ಅವಳು ಏನೂ ಮಾಡಿಲ್ಲ. ಒಂದು ಗಂಟೆ ಕಳೆದು ರೋಗಿಯ ಎದೆಬಡಿತ ತಪ್ಪಿ ಐಸಿಯುಗೆ ಹಾಕಿದ್ದಾರೆ. ಬದುಕಿದ್ದಾರೆ, ಆದರೆ ಮಾತು ಹೋಗಿದೆಯಂತೆ.

“ಇವಳು ಎಚ್ಚರಿಕೆ ಬರ್ಲೇ ಇಲ್ಲ ಅಂತಾಳೆ. ನಿಮ್ದೇ ಸಾಫ್ಟ್‌ವೇರ್ ಅಲ್ವೇನಪ್ಪಾ?” ಎಂದರು ಭಾವ.

ನಮ್ಮದೇ. ಮ್ಯಾನೇಜರಿಗೆ ಹೇಳಿದೆ, ಅವಳು ನನ್ನ ಒಡಹುಟ್ಟಿದವಳು ಎಂದು. “ನೋಡೋದಾದ್ರೆ ನೋಡು. ಆದ್ರೆ ಏನನ್ನೂ ಮುಟ್ಬೇಡ” ಎಂದರು.

ಮಾರ್ಚ್ 7, ಶುಕ್ರವಾರ, ಮಧ್ಯಾಹ್ನ

ಆ ದಿನದ ಲಾಗ್, ಅಂದರೆ ಸರ್ವರಿನ ದಾಖಲೆ, ತೆಗೆದೆ. ಎಚ್ಚರಿಕೆ ಹೊರಟಿದೆ. ತಲುಪಿದೆ. ಅದೇ ನಿಮಿಷದಲ್ಲಿ ‘ನೋಡಲಾಗಿದೆ’. ಹಾಗಾಗಿ ಡಾಕ್ಟರಿಗೆ ಹೋಗಿಲ್ಲ. ನಿನ್ನೆಯಷ್ಟೇ ಬಂದ ಗುಮಾಸ್ತನಿಗೂ ತೋರಿಸಿದೆ. ಅವನದೂ ಅದೇ ಉತ್ತರ: “ಸಂದೇಶ ತಲುಪಿದೆ, ನರ್ಸ್ ಒಪ್ಪಿಕೊಂಡಿದ್ದಾರೆ. ವ್ಯವಸ್ಥೆಯಲ್ಲಿ ದೋಷ ಕಾಣಲಿಲ್ಲ.”

ನನಗೂ ಕಾಣಲಿಲ್ಲ.

ಅದೇ ದಿನ, ಸಂಜೆ

ಅಕ್ಕನ ಮನೆಗೆ ಹೋಗಿದ್ದೆ. ಅಡುಗೆಮನೆಯ ಕಪಾಟಿನ ಡಬ್ಬಿಗಳನ್ನೆಲ್ಲ ಕೆಳಗಿಳಿಸಿ ಒರೆಸುತ್ತಿದ್ದಳು. ರಜೆಯಲ್ಲಿ ಕೂರಲು ಬಾರದವಳು.

“ನೋಡಿದ್ಯೇನೋ?” ಎಂದಳು, ತಿರುಗದೆ.

“ನೋಡ್ದೆ. ಬಂದಿದೆ ಅಕ್ಕಾ. ನೀನು ಒತ್ತಿದ್ದೀಯ.”

“ನಾನು ಒತ್ತಿಲ್ಲ.”

“ಲಾಗ್‌ನಲ್ಲಿದೆ. ಕೆಲಸದ ಗಡಿಬಿಡಿಲಿ ಮರೆತಿರಬಹುದು.”

“ಪೊಟ್ಯಾಸಿಯಂ ಏಳು ದಾಟಿದೆ ಅಂತ ನೋಡಿ ಮರೀತೀನಾ? ಉಪ್ಪು ತರೋದು ಮರೀತೀನಿ. ನಿನ್ನ ಹುಟ್ಟಿದಹಬ್ಬ ಮರೀತೀನಿ. ಅದನ್ನ ಮರೀತೀನಾ?”

ನಾನು ಒಂದು ಡಬ್ಬಿ ಎತ್ತಿ ಕಪಾಟಿಗಿಟ್ಟೆ. ಬಟ್ಟೆ ಹಿಂಡಿ ಸಿಂಕಿನ ಮೇಲೆ ಹರವಿದಳು. “ಊಟ ಮಾಡ್ಕೊಂಡು ಹೋಗು” ಎಂದಳು. ಬಡಿಸಿದಳು. ಭಾವ ಒಬ್ಬರೇ ಏನೇನೋ ಮಾತಾಡುತ್ತಿದ್ದರು, ಪಾಪ.

ಅಕ್ಕನ ಮೇಲೆ ಸಿಟ್ಟು ಬಂತು. ತಪ್ಪಾಗಿದೆ ಎಂದು ಒಪ್ಪಿಕೊಂಡರೆ ಮುಂದೇನು ಎಂದು ಯೋಚಿಸಬಹುದಿತ್ತು.

ಮಾರ್ಚ್ 17, ಸೋಮವಾರ

ಹತ್ತು ದಿನ ಬರೆದಿಲ್ಲ. ಬರೆಯುವಂಥದ್ದೇನೂ ಆಗಲಿಲ್ಲ. ಅಕ್ಕನಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಲಿಲ್ಲ.

ಟ್ರೇಸಿಂಗ್ ಈಗ ಫೋನಿನೊಳಕ್ಕೂ ಬಂದಿದೆ. ಮೊದಲು ಸರ್ವರ್ ತನಕ ಮಾತ್ರ ಕಾಣುತ್ತಿತ್ತು, ಆಚೆಗೆ ಕತ್ತಲು. ‘ತಲುಪಿದೆ’, ‘ನೋಡಲಾಗಿದೆ’ ಎಂದು ಫೋನ್ ಹೇಳಿದ್ದನ್ನು ನಂಬಿ ಬರೆದುಕೊಳ್ಳುತ್ತಿದ್ದೆವು. ಈಗ ಪರದೆ ಬೆಳಗಿದ ಕ್ಷಣ, ಒತ್ತಿದ ಕ್ಷಣ, ಒತ್ತಿದ ಜಾಗ, ಒತ್ತಿದ್ದರ ಅಗಲ — ಎಲ್ಲ ಬರುತ್ತಿದೆ. ಪಕ್ಕದ ಮೇಜಿನವಳು ನೋಡಿ ನೋಡಿ, “ಹೆಂಡತಿ ಫೋನ್ ಚೆಕ್ ಮಾಡಿದ ಹಾಗಿದೆ” ಎಂದಳು. ಬಹಳ ದಿನದ ಮೇಲೆ ನಕ್ಕೆ.

ಭಾವನಿಗೆ ಇದನ್ನು ಹೇಳಿದ್ದರೆ, ಅಂತೂ ನಿಮ್ಮ ಸಾಫ್ಟ್‌ವೇರಿಗೆ ಕನ್ನಡಕ ಹಾಕಿಸಿದಿರಿ ಎನ್ನುತ್ತಿದ್ದರು. ಹೇಳಲು ಹೋಗಿಲ್ಲ.

ಮಾರ್ಚ್ 19, ಬುಧವಾರ

ಗುಮಾಸ್ತನಿಗೆ ಎರಡು ದಿನದ ಟ್ರೇಸ್ ಕೊಟ್ಟು, ಎಲ್ಲಿ ನಿಧಾನವಾಗುತ್ತಿದೆ ಹುಡುಕು ಎಂದೆ. ನಿಧಾನದ ಪಟ್ಟಿ ಕೊಟ್ಟ. ಕೆಳಗೆ, ಕೇಳದೆ ಇದ್ದದ್ದೂ ಒಂದು:

“ಕೆಲವು ಎಚ್ಚರಿಕೆಗಳು ನಿಧಾನವಲ್ಲ, ಅತಿ ವೇಗ. ಪರದೆ ಬೆಳಗಿ ಅರ್ಧ ಸೆಕೆಂಡ್ ಆಗುವ ಮೊದಲೇ ಬಟನ್ ಒತ್ತಲಾಗಿದೆ. ಅಷ್ಟರಲ್ಲಿ ಯಾರೂ ಓದಲಾರರು. ಒತ್ತಿದ ಗುರುತು ಬೆರಳಿಗಿಂತ ಅಗಲವಾಗಿದೆ. ಕಾರಣ ನನಗೆ ತಿಳಿಯದು. ಆ ಹೊತ್ತಿಗೆ ಫೋನ್ ಎಲ್ಲಿತ್ತು ಎಂಬುದನ್ನು ವಾರ್ಡಿನಲ್ಲಿ ನೋಡಿದರೆ ಗೊತ್ತಾಗಬಹುದು.”

ಎರಡು ಸಲ ಓದಿದೆ. ಎದ್ದು ಹೋಗಿ ನೀರು ಕುಡಿದೆ. ಮತ್ತೆ ಓದಿದೆ.

ಇಷ್ಟು ವರ್ಷ ನಾವು ತಪ್ಪನ್ನು ಹುಡುಕಿದ್ದು ಕೆಂಪು ಗೆರೆಗಳಲ್ಲಿ. ಇವೆಲ್ಲ ಹಸಿರು.

ಮಾರ್ಚ್ 20, ಗುರುವಾರ

ವಾರ್ಡಿನಲ್ಲಿ ಕೂತು ನೋಡಲು ಮ್ಯಾನೇಜರ್ ಅನುಮತಿ ಕೊಡಿಸಿದರು, ಬೇರೆ ಆಸ್ಪತ್ರೆಯದು. ಅಕ್ಕನ ಆಸ್ಪತ್ರೆ ಬೇಡ ಎಂದರು, ಸರಿಯೇ.

ವಾರ್ಡಿನ ಮೂಲೆಯಲ್ಲಿ ಸ್ಟೂಲ್ ಹಾಕಿಕೊಂಡು ಕೂತೆ. ಸ್ಪಿರಿಟ್ ವಾಸನೆ. ಎಲ್ಲ ಕಡೆ ಬೀಪ್ ಬೀಪ್, ಯಾವುದು ಯಾವುದರದ್ದೋ. ಸೋಂಕು ಹರಡಬಾರದು ಎಂದು ನರ್ಸ್‌ಗಳು ಫೋನನ್ನು ತೆಳುವಾದ ಪ್ಲಾಸ್ಟಿಕ್ ಚೀಲದಲ್ಲಿ ಹಾಕುತ್ತಾರೆ. ಚೀಲ ಏಪ್ರನ್ ಜೇಬಿಗೆ. ಪರದೆ ಒಳಮುಖ, ಹೊಟ್ಟೆ ಕಡೆಗೆ.

“ಹೊರಗಡೆ ಮುಖ ಮಾಡಿದ್ರೆ ಮಂಚದ ಕಂಬಿಗೆ ತಾಗಿ ಗಾಜು ಒಡೆಯುತ್ತೆ ಸಾರ್. ಒಡೆದ್ರೆ ನಮ್ ಸಂಬಳದಲ್ಲೇ ಕಟ್” ಎಂದರು ಅಲ್ಲಿಯ ಹಿರಿಯ ನರ್ಸ್.

ಇದು ಯಾವ ಕೈಪಿಡಿಯಲ್ಲೂ ಇಲ್ಲ. ನಮ್ಮಲ್ಲಿ ಪರೀಕ್ಷೆ ಮಾಡುವಾಗ ಫೋನ್ ಯಾವಾಗಲೂ ಮೇಜಿನ ಮೇಲೆ ಅಂಗಾತ ಮಲಗಿರುತ್ತದೆ. ಒಂದು ಬೆರಳು, ಒಂದು ಒತ್ತು, ಪಾಸ್.

ಇಬ್ಬರು ನರ್ಸ್‌ಗಳು ಒಬ್ಬ ದಪ್ಪ ಮನುಷ್ಯನನ್ನು ಮಗ್ಗುಲು ಬದಲಿಸಿದರು. ಬಗ್ಗಿದಾಗ ಜೇಬು ಮಂಚದ ಕಂಬಿಗೂ ಹೊಟ್ಟೆಗೂ ನಡುವೆ ಅಪ್ಪಚ್ಚಿ.

ಮಾರ್ಚ್ 21, ಶುಕ್ರವಾರ

ಏಪ್ರನ್ ಕೇಳಿ ತಂದಿದ್ದೆ. ಆಫೀಸಿನಲ್ಲಿ ಕಟ್ಟಿಕೊಂಡೆ. ಎಲ್ಲರೂ ಹಲ್ಲು ಕಿಸಿದರು. ಫೋನ್ ಚೀಲದಲ್ಲಿ, ಚೀಲ ಜೇಬಿನಲ್ಲಿ. ಮೇಜಿನ ಅಂಚಿಗೆ ಒರಗಿ ಬಗ್ಗಿ ಒಂದು ಕಂಪ್ಯೂಟರ್ ಡಬ್ಬ ಎತ್ತಿದೆ. ಪಕ್ಕದ ಮೇಜಿನವಳು ಎಚ್ಚರಿಕೆ ಕಳಿಸಿದಳು.

ಒಂದು ‘ಟುಂ’. ಅದೂ ಅರ್ಧ. ಮತ್ತೆ ಸದ್ದಿಲ್ಲ.

“ಬಂತಾ?” ಎಂದಳು.

“ಏನೋ ಕೇಳಿಸ್ತು.”

“ಇಲ್ಲಿ ‘ನೋಡಲಾಗಿದೆ’ ಅಂತ ಬಂದ್ಬಿಟ್ಟಿದೆ.”

ಯಾರೂ ನಗಲಿಲ್ಲ.

ನನ್ನ ಹೊಟ್ಟೆಯೇ ಬಟನ್ ಒತ್ತಿತ್ತು. ಪ್ರತಿ ಸಲವೂ ಆಗುವುದಿಲ್ಲ. ಬೆವರಿದ್ದರೆ, ಸರಿಯಾಗಿ ಒತ್ತಿದರೆ, ಆಗುತ್ತದೆ. ಬಟನ್ ಅರ್ಧ ಪರದೆಯಷ್ಟಿದೆ. ಗ್ಲೌಸ್ ಹಾಕಿದ ಕೈಗೆ ಸುಲಭವಾಗಲಿ ಎಂದು ನರ್ಸ್‌ಗಳೇ ಕೇಳಿದ್ದರು. ಕೇಳಿದ್ದನ್ನು ಕೊಟ್ಟೆವು, ಬೆನ್ನು ತಟ್ಟಿಕೊಂಡೆವು.

ಅಂದು ಆ ಹೊತ್ತಿಗೆ ಅಕ್ಕ ಏನು ಮಾಡುತ್ತಿದ್ದಳು? ನಾನು ಕೇಳಲೇ ಇಲ್ಲ. ಭಾವನಿಗೆ ಫೋನ್ ಮಾಡಿ ಕೇಳಿದೆ. “ಯಾರನ್ನೋ ಎತ್ತಿ ಕೂರಿಸ್ತಿದ್ಲಂತೆ. ಅವತ್ತಿಂದ ಅದನ್ನೇ ಹೇಳ್ತಿದಾಳಲ್ಲ” ಎಂದರು.

ನಾಚಿಕೆಯಾಯಿತು.

ಮಾರ್ಚ್ 24, ಸೋಮವಾರ

ವರದಿ ಬರೆದೆ. ಗುಮಾಸ್ತ ಭಾಷೆ ತಿದ್ದಿದ. “ಮಾರ್ಚ್ 4ರ ಘಟನೆಯೂ ಹೀಗೆಯೇ ಆಗಿದೆ” ಎಂಬ ನನ್ನ ವಾಕ್ಯಕ್ಕೆ ಅಡಿಗೆರೆ ಎಳೆದಿದ್ದ. “ಆ ದಿನ ಫೋನಿನ ಟ್ರೇಸಿಂಗ್ ಇರಲಿಲ್ಲ. ಹೀಗೆ ಆಗಿರಬಹುದು ಎನ್ನಲು ಮಾತ್ರ ಆಧಾರವಿದೆ.”

ಬೈದೆ. ಆಮೇಲೆ ತಿದ್ದಿದೆ. ಅವನು ಹೇಳಿದ್ದು ಸರಿ.

ಮ್ಯಾನೇಜರ್ ಓದಿ ಟೋಪಿ ತೆಗೆದು ಮೇಜಿನ ಮೇಲಿಟ್ಟರು. “ನೀನು ಕಳಿಸ್ಬೇಡ. ನಿನ್ನ ಹೆಸರು ಕಂಡ್ರೆ ಅಕ್ಕನಿಗೋಸ್ಕರ ಕಥೆ ಕಟ್ಟಿದಾನೆ ಅಂತಾರೆ. ನನ್ನ ಹೆಸರಲ್ಲಿ ಹೋಗ್ಲಿ.” ವಕೀಲರನ್ನು ಕೇಳಬೇಡವೇ ಎಂದೆ. “ಅವರು ಅಡ್ಡಗೋಡೆ ಮೇಲೆ ದೀಪ ಇಡ್ತಾರೆ. ಅಷ್ಟರಲ್ಲಿ ಇನ್ನೊಬ್ರು ಐಸಿಯುಗೆ ಹೋಗ್ತಾರೆ.” ಸಂಜೆಯೊಳಗೆ ಎಲ್ಲ ಆಸ್ಪತ್ರೆಗೂ ಹೋಯಿತು. ಬಟನ್ ತೆಗೆದು, ಬೆರಳನ್ನು ಎಡದಿಂದ ಬಲಕ್ಕೆ ಎಳೆಯುವ ಹಾಗೆ ಮಾಡುತ್ತಿದ್ದೇವೆ.

ಏಪ್ರಿಲ್ 2, ಬುಧವಾರ

ವಿಚಾರಣೆ ಮುಗಿಯಿತು. “ತಪ್ಪು ಸಾಬೀತಾಗಿಲ್ಲ.” ಸೋಮವಾರದಿಂದ ಅಕ್ಕ ಡ್ಯೂಟಿಗೆ ಬರಬಹುದು. ಭಾವ ಫೋನಿನಲ್ಲೇ ಕುಣಿದರು. ಅಂಗಡಿಯಲ್ಲಿದ್ದ ಗಿರಾಕಿಗೆ ಫ್ರೇಮ್ ಪುಕ್ಕಟೆ ಕೊಟ್ಟರಂತೆ.

ಅಕ್ಕ ಮಾತಾಡಲಿಲ್ಲ. ಮಲಗಿದ್ದಾಳೆ ಎಂದರು. ಮಧ್ಯಾಹ್ನ ಮಲಗುವವಳಲ್ಲ.

ಏಪ್ರಿಲ್ 5, ಶನಿವಾರ

ಹೋದೆ. ತಪ್ಪಾಯ್ತು ಅಕ್ಕಾ ಎಂದು ಹೇಳಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದೆ. ಹೇಳಿದೆ. ಕೈಯಾಡಿಸಿಬಿಟ್ಟಳು, ನೊಣ ಓಡಿಸಿದ ಹಾಗೆ.

“ಅದಿರ್ಲಿ. ಹೋದ ವರ್ಷದ್ದು ಸಿಗುತ್ತಾ? ಹೋದ ಮಳೆಗಾಲದ್ದು?”

“ಏನು ಅದು?”

ಹೇಳಿದಳು. ಅವಳ ಕೈಕೆಳಗೆ ಒಬ್ಬ ನರ್ಸ್ ಇದ್ದಳು, ಹೊಸಬಳು. ಇದೇ ಥರ. ಎಚ್ಚರಿಕೆ ಬಂದಿತ್ತು, ‘ನೋಡಲಾಗಿದೆ’ ಎಂದಿತ್ತು, ಅವಳು ಏನೂ ಮಾಡಿರಲಿಲ್ಲ. ಆ ರೋಗಿ ಉಳಿಯಲಿಲ್ಲ. ನಾನು ನೋಡಿಲ್ಲ ಸಿಸ್ಟರ್ ಎಂದು ಆ ಹುಡುಗಿ ಅತ್ತಳು. ವಾರ್ಡಿನ ಇನ್‌ಚಾರ್ಜ್ ಅಕ್ಕ. ಅವಳ ಮಾತಿನ ಮೇಲೇ ಕೆಲಸದಿಂದ ತೆಗೆದರು.

“ಸುಳ್ಳು ಹೇಳ್ತಿದಾಳೆ ಅಂತ ನಾನೇ ಬರೆದುಕೊಟ್ಟೆ ಕಣೋ. ‘ನೋಡಲಾಗಿದೆ’ ಅನ್ನೋ ನಿಮ್ಮ ಕಂಪನಿ ಕಾಗದ ನೋಡಿ.”

ಈ ಒಂದು ತಿಂಗಳು ಅವಳು ನನ್ನ ಮೇಲೆ ಮುನಿಸಿಕೊಂಡಿದ್ದಾಳೆ ಎಂದುಕೊಂಡಿದ್ದೆ. ನನ್ನ ಯೋಚನೆಯೇ ಅವಳಿಗಿರಲಿಲ್ಲ.

ಅಲ್ಲೇ ಲ್ಯಾಪ್‌ಟಾಪ್ ತೆಗೆದೆ. ಆರು ತಿಂಗಳಿಗಿಂತ ಹಳೆಯದು ಅಳಿಸಿಹೋಗುತ್ತದೆ. ಬ್ಯಾಕಪ್ಪಿನಲ್ಲೂ ಇಲ್ಲ. ಗುಮಾಸ್ತನನ್ನು ಕೇಳಿದೆ. “ಆ ದಿನದ ಯಾವ ದಾಖಲೆಯೂ ಇಲ್ಲ. ಏನಾಯಿತೆಂದು ಹೇಳಲು ಸಾಧ್ಯವಿಲ್ಲ.” ಅಕ್ಕನಿಗೆ ಓದಿ ಹೇಳಿದೆ.

“ಸರಿ. ನಾಳೆ ಅವಳ ಮನೆಗೆ ಹೋಗೋಣ. ನೀನೂ ಬಾ” ಎಂದಳು.

“ನಾನು ಬಂದು ಏನು ತೋರಿಸ್ಲಿ?”

“ಏನೂ ತೋರಿಸ್ಬೇಡ. ಬಾ.”

ಏಪ್ರಿಲ್ 6, ಭಾನುವಾರ

ಮೂರನೇ ಮಹಡಿ, ಲಿಫ್ಟ್ ಇಲ್ಲ. ಅಕ್ಕ ಎರಡು ಕಡೆ ನಿಂತಳು. ದಣಿವಲ್ಲ ಅದು.

ಆ ಹುಡುಗಿಯೇ ಬಾಗಿಲು ತೆಗೆದಳು. ಈಗ ಬಟ್ಟೆ ಅಂಗಡಿಯ ಕೌಂಟರಿನಲ್ಲಿ ಬಿಲ್ ಹಾಕುತ್ತಾಳಂತೆ. ಅಕ್ಕನನ್ನು ನೋಡಿ ಅಭ್ಯಾಸಬಲದಿಂದ ನೆಟ್ಟಗೆ ನಿಂತಳು. “ಬನ್ನಿ ಸಿಸ್ಟರ್” ಎಂದಳು. ಪ್ಲಾಸ್ಟಿಕ್ ಕುರ್ಚಿ ಒರೆಸಿ ಹಾಕಿದಳು.

ಅಕ್ಕ ಕೂರಲಿಲ್ಲ. ಜೇಬು, ಚೀಲ, ಮಂಚದ ಕಂಬಿ, ಎಲ್ಲ ನಿಂತೇ ಹೇಳಿದಳು. ನನಗಿಂತ ಚೆನ್ನಾಗಿ ಹೇಳಿದಳು. ಕೊನೆಗೆ, “ನಿನ್ನ ಮಾತು ನಂಬಬೇಕಿತ್ತು. ನಂಬ್ಲಿಲ್ಲ. ಆಸ್ಪತ್ರೆಗೂ ಬರೆದುಕೊಡ್ತೀನಿ” ಎಂದಳು.

ಹುಡುಗಿ ಅಳಲಿಲ್ಲ. ಸಿಟ್ಟೂ ಮಾಡಲಿಲ್ಲ. ಅಕ್ಕನನ್ನು ಬಿಟ್ಟು ನನ್ನ ಕಡೆ ತಿರುಗಿದಳು.

“ಸಾರ್, ಕಂಪನಿಯವರು ನೀವೇ ಅಲ್ವಾ? ನಾನು ಅವತ್ತು ನೋಡಿದ್ನೋ ಇಲ್ವೋ? ಮೊದಮೊದಲು ಗೊತ್ತಿತ್ತು, ನೋಡಿಲ್ಲ ಅಂತ. ಎಲ್ಲರೂ ನೋಡಿದೀಯ ನೋಡಿದೀಯ ಅಂದ್ರಲ್ಲ. ಈಗ ಕಣ್ಣು ಮುಚ್ಚಿದ್ರೆ ಆ ಪರದೆ ಕಾಣುತ್ತೆ. ನಂಬರ್ ಸಮೇತ. ನನ್ನಿಂದ ಸತ್ತರಾ ಅವರು?”

ಅಕ್ಕ ನನ್ನ ಕಡೆ ನೋಡಲಿಲ್ಲ. ಕಿಟಕಿ ಕಡೆ ನೋಡುತ್ತಿದ್ದಳು.

ದಾಖಲೆ ಇಲ್ಲ. ಆಧಾರ ಇಲ್ಲ. ಆಗಿರಬಹುದು ಎನ್ನಬಹುದು, ಅಷ್ಟೇ. ನಿಜವಾಗಿ ನೋಡಿದ್ದಳೋ ಏನೋ.

“ಇಲ್ಲಮ್ಮ. ನೀವು ನೋಡಿರ್ಲಿಲ್ಲ” ಎಂದೆ.

“ಖಂಡಿತಾ?”

“ಖಂಡಿತಾ.”

ಹೇಗೆ ಗೊತ್ತು ಎಂದು ಅವಳು ಕೇಳಲಿಲ್ಲ. ಕುರ್ಚಿಯ ಮೇಲೆ ತಾನೇ ಕೂತುಬಿಟ್ಟಳು. ವಾಪಸ್ ಬರುವಾಗ ಮೆಟ್ಟಿಲಿಳಿಯುತ್ತಾ ಅಕ್ಕ ನನ್ನ ತೋಳು ಹಿಡಿದುಕೊಂಡಿದ್ದಳು, ಬೀದಿಗೆ ಬಂದರೂ ಬಿಡಲಿಲ್ಲ. ಒಮ್ಮೆ ಮಾತ್ರ ಕೇಳಿದಳು, “ಆ ದಾಖಲೆ ಸಿಕ್ತೇನೋ, ನಿನ್ನೆ ನಾನು ಮಲಗಿದ ಮೇಲೆ?” ನಾನು ಇಲ್ಲ ಎಂದು ತಲೆಯಾಡಿಸಿದೆ.