ಜನಿವಾರದ ಕೀಲಿಕೈ

ಪುಣೆ, ೧೯೧೨

ವೈನಿಯವರಿಗೆ ನಮಸ್ಕಾರ.

ಊರಾಚೆಯ ಪ್ಲೇಗ್ ಆಸ್ಪತ್ರೆ ಪಾಳುಬಿದ್ದಿದೆ. ಸುಡುವ ಮೊದಲು ಅದರ ಫೋಟೋ ತೆಗೆಯುವ ಕೆಲಸ ನನಗೆ ಬಂತು. ಹೋದ ವರ್ಷ ಪ್ಲೇಗ್ ತಪಾಸಣೆಯವರು ಅಣ್ಣನನ್ನು ರೈಲಿನಿಂದ ಇಳಿಸಿ ಎಲ್ಲಿಗೆ ಒಯ್ದರೆಂದು ನಮಗೆ ಯಾರೂ ಹೇಳಲಿಲ್ಲ.

ಕೊನೆಯ ಕೋಣೆಯಲ್ಲಿ ಕ್ಯಾಮೆರಾ ನಿಲ್ಲಿಸಿದಾಗ ಮಂಚದ ಕಾಲಿಗೆ ಸುತ್ತಿದ ಜನಿವಾರ ಕಂಡಿತು. ಅದರಲ್ಲೊಂದು ಕೀಲಿಕೈ. ಅಣ್ಣನಂತೆ ಜನಿವಾರಕ್ಕೆ ಕೀಲಿಕೈ ಕಟ್ಟುವವರು ಬಹಳ ಮಂದಿ ಇದ್ದಾರೆ.

"ಯಾರರೆ ಹೆಣಾ ನೋಡೀನಿ ಅಂದಮ್ಯಾಲೆ ಕುಂಕುಮ ಅಳಸ್ತೀನಿ" ಅಂದಿದ್ದಿರಿ. ಹೆಣ ನಾನೂ ನೋಡಿಲ್ಲ. ಕೀಲಿಕೈ ಕುದಿಸಿ ಕಳಿಸಿದ್ದೇನೆ. ಅವ್ವ ಗುಡಿಗೆ ಹೋದಾಗ ಅಣ್ಣನ ಟ್ರಂಕಿಗೆ ಹಾಕಿ ನೋಡಿ. ತೆರೆಯದಿದ್ದರೆ ಒಂದು ಕಾರ್ಡು ಬರೆಯಿರಿ. ತೆರೆದರೆ ಬರೆಯುವುದು ಬೇಡ, ಕಾರ್ಡು ಬರದಿದ್ದರೆ ನಾನೇ ಬರುತ್ತೇನೆ.

ಜನಿವಾರವನ್ನು ಮಂಚದ ಮೇಲೆ ಇಟ್ಟು ಬಂದೆ. ನಾಳೆ ಅಲ್ಲಿಗೆ ಬೆಂಕಿ ಇಡುತ್ತಾರೆ. ನಾನು ಮಿಂದು ಹೋಗಿ, ಉರಿದು ಮುಗಿಯುವತನಕ ನಿಂತಿರುತ್ತೇನೆ.

ನಿಮ್ಮ ಮೈದುನ,
ಅವಧೂತ