ಅಕ್ಕನ ಚಪ್ಪಾಳೆ

ಅಕ್ಕಾ,

ನಮ್ಮ ಸಿನಿಮಾಗೆ ಕ್ಲ್ಯಾಪ್ ಬೋರ್ಡಿಗೂ ಗತಿಯಿರಲಿಲ್ಲ. ಪ್ರತಿ ಶಾಟ್‌ಗೆ ಮುಂಚೆ ನೀನೇ ಕ್ಯಾಮೆರಾ ಮುಂದೆ ನಿಂತು ಚಪ್ಪಾಳೆ ತಟ್ಟುತ್ತಿದ್ದೆ. ಆ ಸದ್ದು ಹಿಡಿದು ಚಿತ್ರವನ್ನೂ ಮಾತನ್ನೂ ಹೊಂದಿಸಬೇಕು, ಆಮೇಲೆ ನಿನ್ನನ್ನು ಕತ್ತರಿಸಬೇಕು. ನೀನು ಹೋದ ಈ ಎಂಟು ತಿಂಗಳಲ್ಲಿ ಎಡಿಟರ್ ಪಕ್ಕ ಕೂತು ನಾನು ಕಲಿತ ಎಡಿಟಿಂಗ್ ಇಷ್ಟೇ.

ಇವತ್ತು ಕೊನೆಯ ಶಾಟ್ ಬಂತು. ಚಪ್ಪಾಳೆ ತಟ್ಟಿದವಳು ಅಲ್ಲೇ ನಿಂತು, "ಬೆಳಗ್ಗೆಯಿಂದ ಏನಾದ್ರೂ ತಿಂದ್ಯೇನೋ?" ಅಂತ ಕೇಳುತ್ತೀಯ.

"ಪಕ್ಕಕ್ಕೆ ಹೋಗೇ, ಬೆಳಕು ಹೋಗ್ತಿದೆ!" ಎಂದು ಹರಿಹಾಯುವುದು ನನ್ನದೇ ದನಿ. ನೀನು ನಕ್ಕು ಪಕ್ಕಕ್ಕೆ ಸರಿಯುತ್ತೀಯ.

"ಇದನ್ನೂ ತೆಗೀಲಾ ಸರ್?" ಎಡಿಟರ್ ಕೇಳಿದ.

"ಇರಲಿ. ಇನ್ನೊಂದ್ಸಲ ಹಾಕು."

ಆರು ಸಲ ಹಾಕಿಸಿದೆ.

ಇಲ್ಲ ಕಣೇ ಅಕ್ಕಾ, ಬೆಳಗ್ಗೆಯಿಂದ ಏನೂ ತಿಂದಿಲ್ಲ.