ಬ್ಯಾರನ್ ಒಲೆಯ ಹೊಗೆ

ಅಪ್ಪಾ,

ಇವತ್ತು ಹೊಗೆಸೊಪ್ಪು ಕಾವಿನಲ್ಲಿ ಒಣಗಿಸುವ ಬ್ಯಾರನ್‌ಗೆ ಸೌದೆ ಹಾಕುತ್ತಿದ್ದ ತಮ್ಮ ಚೆಲುವರಾಜು ಎದೆ ಹಿಡಿದುಕೊಂಡು ಕುಳಿತುಬಿಟ್ಟ. ಅವ್ವ ಬೆಲ್ಲ ತಂದಳು.

"ವೊಗೆ ಕುಡ್ದವ್ನೆ ಕಣವ್ವ, ತಿಂದ್ರೆ ಸರೋಯ್ತದೆ" ಎಂದಳು ನನಗೆ.

ಹೋದ ವರ್ಷ ನೀನು ಹೀಗೇ ಎದೆ ಹಿಡಿದುಕೊಂಡಾಗ ನಿನಗೂ ನಾನು ಬೆಲ್ಲವನ್ನೇ ಕೊಟ್ಟಿದ್ದೆ.

"ಒಲೆ ಬುಟ್ಟು ಬರಾಕಿಲ್ಲ ಕಣಕ್ಕ, ಸೊಪ್ಪು ಕೆಡ್ತದೆ" ಎಂದ ತಮ್ಮ.

ಒಲೆಗೆ ನೀರು ಸುರಿದು, ಅವನನ್ನು ಆಟೋದಲ್ಲಿ ಹುಣಸೂರಿನ ಆಸ್ಪತ್ರೆಗೆ ಕರೆದೊಯ್ದೆ. ಅವನ ಜೀವ ಉಳಿಯಿತು.

ಹೊಗೆಯ ಸೂಕ್ಷ್ಮ ಕಣಗಳನ್ನು ನುಂಗಿದ ಶ್ವಾಸಕೋಶದ ರಕ್ಷಣಾ ಕೋಶಗಳು ಅವನ್ನು ಕರಗಿಸಲಾರದೆ ಕೆರಳುತ್ತವಂತೆ; ಆ ಉರಿಯೂತ ರಕ್ತಕ್ಕೂ ಹಬ್ಬಿ ಹೃದಯದ ನಾಳಗಳನ್ನು ಕೆಡಿಸುತ್ತದಂತೆ. ಹಾಗೆಂದು ವಿವರಿಸಿದ ಡಾಕ್ಟರು ಕೇಳಿದರು:

"ಮನೇಲಿ ಬೇರೆ ಯಾರಿಗಾದ್ರೂ ಹೀಗಾಗಿತ್ತಾ?"

"ನಮ್ಮಪ್ಪಂಗೆ. ಹೋದ್ವರ್ಷ ತೀರ್ಕೊಂಡ್ರು."

"ಅವರನ್ನ ಎಷ್ಟೊತ್ತಿಗೆ ಆಸ್ಪತ್ರೆಗೆ ಕರ್ಕೊಂಡು ಬಂದ್ರಿ?"

ನಾನು ಔಷಧಿ ಚೀಟಿ ತೆಗೆದುಕೊಂಡು ಹೊರಗೆ ಬಂದೆ.